ಡಾಕ್ಟರ ಕಾರಿನ ಕಪ್ಪು ವಾಯರ್

ನನ್ನ ಮೌಲಾ ಉಸ್ತಾದರೇ,

ಕಾರಿನ ಎಂಜಿನ್ನಿಗೆ ಕಂಪ್ಯೂಟರ್ ಕೂಡಿಸುವ ಮೊದಲು ಜಪಾನಿನವರು ಕಮಲಾಪುರಕ್ಕೆ ಬಂದು, ನನ್ನ ಗ್ಯಾರೇಜಿನ ಮುರುಕು ಬೆಂಚಿನ ಮೇಲೆ ಕುಳಿತು, ನನ್ನ ಸಲಹೆ ಕೇಳಿಕೊಂಡೇ ಹೋದರು. ಏಳನೇ ಇಯತ್ತೆ ಓದಿದ ಬೇರೆ ಯಾರಿಗೆ ಇಷ್ಟು ಮರ್ಯಾದೆ ಸಿಕ್ಕಿದೆ, ಹೇಳಿ? ನೀವಿದ್ದಿದ್ದರೆ "ಬಡಾಯಿ ಹೊಡಿ ಮಗನ, ಇನ್ನೂ ಹೊಡಿ" ಎಂದು ನಗುತ್ತಿದ್ದಿರಿ. ಈಗ ಆ ನಗೆ... ಇರಲಿ.

ನಿಮ್ಮೂರಿನ ಸ್ಟೇಶನ್ ಬಜಾರದ ಚಹಾದಂಗಡಿಯ ಆ ಮುಂಜಾನೆ ನಿಮಗೆ ನೆನಪಿದೆಯೇ? ನಿಮ್ಮ ಕೈಯಲ್ಲಿ ಹನ್ನೆರಡು ವರ್ಷ ಕೆಲಸ ಕಲಿತು ನಮ್ಮೂರು ಕಮಲಾಪುರದಲ್ಲಿ ಸ್ವಂತ ಗ್ಯಾರೇಜು ಹಾಕಿದ್ದೆ. ನಮ್ಮೂರ ಡಾಕ್ಟರ ಹೊಸ ಕಾರು ಲೈಟು ಹಚ್ಚಿದರೆ ಸಾಕು, ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ಸುಮ್ಮನೆ ಮಾತಿಗೆ ಹೇಳಿದೆ. ನೀವು ಬಸಿಗೆ ಚಹಾ ಸುರಿದುಕೊಳ್ಳುತ್ತಲೇ ಹೇಳಿದಿರಿ:

"ಶರಣ್ಯಾ, ಬ್ಯಾಟರಿಯಿಂದ ಗಾಡಿ ಮೈಗೆ ಬಿಗಿದಿರೋ ಕರೀ ವಾಯರ್ ನೋಡೋ. ಎಲ್ಲಕ್ಕಿಂತ ಪೈಲೆ ಅದನ್ನ ಬಿಚ್ಚು, ತಿಕ್ಕು, ಬಿಗಿ."

"ಉಸ್ತಾದ್, ಇದು ನಿಮ್ಮ ಕಾಲದ ಗಾಡಿ ಅಲ್ರೀ. ಇದರಾಗ ಕಂಪ್ಯೂಟರ್ ಅದ. ತಿಕ್ಕೂದೇನಿದ್ರೂ ಮನ್ಯಾಗಿನ ಭಾಂಡೆ-ಪಾತ್ರಿಗೆ ಇಟ್ಕೋರಿ!"

ಸುತ್ತ ಕೂತವರೆಲ್ಲ ನಕ್ಕರು. ನೀವು ನಗಲಿಲ್ಲ.

ಕಂಪ್ಯೂಟರೇ ಕೆಟ್ಟಿದೆಯೆಂದು ನಾನು ಹೈದರಾಬಾದಿನಿಂದ ತರಿಸಿದ ಹೊಸ ಕಂಪ್ಯೂಟರ್ ಡಬ್ಬಿ ಬಂದ ದಿನ ಡಾಕ್ಟರ ಮುಂದೆ ಎದೆ ತಟ್ಟಿದ್ದೆ: "ಗಾಡಿ ಸರಿ ಆಗಲಿಲ್ಲಂದ್ರ ಒಂದು ಪೈಸಾ ಕೊಡಬ್ಯಾಡ್ರಿ." ಡಬ್ಬಿ ಕೂಡಿಸಿ ಲೈಟು ಹಚ್ಚಿದೆ. ಕಾರು ಮೊದಲಿನಂತೆಯೇ ಜಗ್ಗಿ ನಿಂತಿತು. ಕಡೆಗೆ ಕದ್ದುಮುಚ್ಚಿ ಆ ಕಪ್ಪು ವಾಯರ್ ಬಿಚ್ಚಿದೆ. ಅದರ ಕೆಳಗೆ ದಪ್ಪಗೆ ಬೆಳ್ಳಿ ಬಣ್ಣ! ಬಣ್ಣದ ಮೇಲೆ ಬೋಲ್ಟು ಬಿಗಿದರೆ ಕರೆಂಟು ಹೇಗೆ ಹಾಯಬೇಕು? ಬಳಿದವನು ಯಾರೆಂದು ಕೇಳುತ್ತೀರಾ? ನಾನೇ. ಆಯುಧ ಪೂಜೆಗೆ ಎಂಜಿನ್ ಮಿಂಚಲಿ ಎಂದು, ವಾಯರ್ ಬಿಚ್ಚಿಟ್ಟು, ಮೂಲೆ ಮೂಲೆಗೂ ಬಳಿದಿದ್ದೆ. ಸ್ಯಾಂಡ್ ಪೇಪರಿನಿಂದ ತಿಕ್ಕಿ ಬಿಗಿದೆ. ಕಾರು ಗುಣುಗುಣು ಅಂದಿತು. ಹಳೆಯ ಡಬ್ಬಿ ಹಾಕಿದರೂ ಹಾಗೆಯೇ ಓಡಿತು.

ಮುಂದಿನ ವಾರ "ಏನಾತೋ ಡಾಕ್ಟರ ಗಾಡಿ?" ಎಂದು ನೀವೇ ಕೇಳಿದಿರಿ. ಆಗಲಾದರೂ ನಿಜ ಹೇಳಬಹುದಿತ್ತಲ್ಲ? "ಕಂಪ್ಯೂಟರ್ ಹೋಗಿತ್ರೀ, ನಾ ಹೇಳಿರಲಿಲ್ಲೇನು?" ಅಂದೆ.

"ಹೌದೇನಪ್ಪ... ಹಂಗಾದ್ರ ಹೊಸ ಗಾಡಿ ನನಗ ತಿಳ್ಯಾಂಗಿಲ್ಲ ಬಿಡು."

ಅಂದಿನಿಂದ ಹೊಸ ಕಾರು ಬಂದರೆ ನೀವು ಬಾನೆಟ್ ಕೂಡ ಎತ್ತಲಿಲ್ಲವಂತೆ. "ಕಮಲಾಪುರಕ್ಕ ಹೋಗ್ರಿ, ನಮ್ಮ ಶರಣ್ಯಾಗ ಎಲ್ಲಾ ಬರ್ತದ" ಎಂದು ನನ್ನ ಬಳಿಗೇ ಕಳಿಸುತ್ತಿದ್ದಿರಿ. ನಾನು ಆ ಗಿರಾಕಿಗಳ ದುಡ್ಡು ಎಣಿಸಿಕೊಂಡು... ನಾಲ್ಕು ವರ್ಷ, ಉಸ್ತಾದ್. ನಿಮ್ಮನ್ನು ಮಣ್ಣಿಗಿಡಲು ಬಂದ ದಿನವೂ ಬಾಯಿ ಬಿಡಲಿಲ್ಲ.

ರೋಗ ಆ ವಾಯರಿನಲ್ಲೇ ಇದೆಯೆಂದು ನಿಮಗೆ ತಿಳಿದಿತ್ತು. ಕಾರನ್ನು ನೋಡದೆ, ಚಹಾ ಕುಡಿಯುತ್ತ ಕೂತಲ್ಲೇ ತಿಳಿದಿತ್ತು. ಡಬ್ಬಿಯ ದುಡ್ಡು ಡಾಕ್ಟರು ಕೊಟ್ಟರೆಂದು ಊರಿಗೆಲ್ಲ ಹೇಳಿದ್ದೂ ಸುಳ್ಳು; ಡಬ್ಬಿಯಿಂದ ಗಾಡಿ ಸರಿಯಾಗಿರಲಿಲ್ಲವಲ್ಲ, ಆಡಿದ ಮಾತಿನಂತೆ ಒಂದು ಪೈಸಾ ಕೇಳಲಿಲ್ಲ. ನನ್ನ ಹೆಂಡತಿಗೂ ಗೊತ್ತಿಲ್ಲದ ಲೆಕ್ಕ, ನಿಮಗೊಬ್ಬರಿಗೆ ಹೇಳುತ್ತೇನೆ: ಹದಿನೆಂಟು ಸಾವಿರದ ನಾಲ್ಕುನೂರು ರೂಪಾಯಿ, ಎಲ್ಲ ನನ್ನ ಕಿಸೆಯದೇ.