ಮಿಸೆಸ್ ಪೆಟಿಗ್ರೂ ಕಟ್ಟೆಯ ಪಕ್ಕದ ನೀರು

ಪಂಟಾ ಗೋರ್ಡಾ, ಫ್ಲಾರಿಡಾ
ಜೂನ್ ೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಜ್ಜಾ,

ಸೊಂಟ ಹೇಗಿದೆ? ಸರಸೋಟಾದ ಆ ಆರೈಕೆ ಮನೆಯಲ್ಲಿ ಈಗಲೂ ಉಪ್ಪಿಲ್ಲದ ಸೂಪೇ ಕೊಡುತ್ತಿದ್ದಾರೆಯೇ? ನಿನ್ನ ನರ್ಸಮ್ಮ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. (ಬಾಗಿಲ ಹಿಂದೆಯೇ ನಿಂತಿದ್ದವಳ ಕಿವಿಗೆ ಬೀಳದೆ ಇನ್ಯಾರ ಕಿವಿಗೆ ಬಿದ್ದೀತು?) ಮೂಳೆ ಕೂಡಿಕೊಂಡಿದೆಯಂತೆ, ಆದರೆ ಎದ್ದು ನಿಲ್ಲು ಎಂದರೆ ನೀನು ಗೋಡೆ ಕಡೆ ಮುಖ ತಿರುಗಿಸುತ್ತೀಯಂತೆ. ಅದೂ ಸಾಲದೆಂದು ಅಪ್ಪನಿಗೆ, "ಪೆಟೂನಿಯಾನ ಮಾರ್ಬಿಡೋ. ಹೊರಗೆ ಹೋಗ್ದಿರೋ ದೋಣಿ ಯಾಕೆ, ಮನೆಗೆ ಬರ್ದಿರೋ ಮುದುಕ ಯಾಕೆ" ಅಂದೆಯಂತೆ. ಅಪ್ಪ ಆ ಮಾತನ್ನು ಅಕ್ಷರಶಃ ಪಾಲಿಸುವ ಮಗ. ಟಾಂಪಾದಿಂದ ಒಬ್ಬ ಗಿರಾಕಿಯನ್ನು ಹುಡುಕಿಯೇ ಬಿಟ್ಟ. ಸೋಮವಾರ ಅವನು ಕ್ರೇನು ತಂದು ನಮ್ಮ ಹಿತ್ತಲ ಕಾಲುವೆಯಿಂದ ನಿನ್ನ ಹಾಯಿದೋಣಿಯನ್ನು ಎತ್ತಿಕೊಂಡು ಹೋಗುವುದೆಂದು ನಿಶ್ಚಯವಾಯಿತು. ನಾನು ಊಟ ಬಿಟ್ಟೆ. ಒಂದೇ ಹೊತ್ತು. ಅವತ್ತು ಸೀಗಡಿ ಕರಿದಿದ್ದರು, ಅದು ತ್ಯಾಗವೇ ತಾನೇ? ಕೊನೆಗೆ ಅಪ್ಪ, "ಅದು ಸೋಮವಾರದೊಳಗೆ ಕಾಲುವೆ ದಾಟಿ ಕೊಲ್ಲಿಗೆ ಹೋಗತ್ತೆ ಅಂತ ತೋರ್ಸು, ಮಾರಲ್ಲ. ಆದ್ರೆ ಎರಡು ವರ್ಷದಿಂದ ಹೂಳು ತುಂಬಿದೆ ಅಂತ ನಿಮ್ಮಜ್ಜನೇ ಹೇಳಿರೋದು, ತಿಳ್ಕೋ" ಅಂದ.

ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಅದೇ ದಿನ ಹೂಳು ವಿಚಾರಣಾ ಆಯೋಗವು ರಚನೆಯಾಯಿತು. ಅಧ್ಯಕ್ಷೆ ನಾನು, ಕಾರ್ಯದರ್ಶಿ ನಾನು, ಜವಾನನೂ ನಾನೇ. ಕಸಬರಿಕೆ ಕೋಲಿಗೆ ಅಮ್ಮನ ಉಗುರು ಬಣ್ಣದಿಂದ ಅರ್ಧರ್ಧ ಅಡಿಗೆ ಪಟ್ಟೆ ಬಳಿದು (ಬಣ್ಣದ ಸೀಸೆ ಕಳುವಾದ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆದಿದೆ, ಆರೋಪಿ ಸಿಕ್ಕಿಲ್ಲ), ಪುಟ್ಟ ಹುಟ್ಟುದೋಣಿಯಲ್ಲಿ ಕೂತು, ನಮ್ಮ ಹಿತ್ತಲಿಂದ ಕಾಲುವೆಯ ಬಾಯಿಯವರೆಗೆ ಹತ್ತು ಹೆಜ್ಜೆಯಷ್ಟು ದೂರಕ್ಕೊಮ್ಮೆ ಕೋಲು ಊರುತ್ತಾ ಹೋದೆ. ನಗಲೆಂದು ಶುರುಮಾಡಿದ್ದು ಅಜ್ಜಾ, ಆದರೆ ಎರಡನೆಯ ದಿನಕ್ಕೆ ಹುಚ್ಚೇ ಹಿಡಿಯಿತು. ದಿನಾ ನೋಡುವ ಆ ಕಂದು ನೀರಿನ ಕೆಳಗೆ ಒಂದು ಇಡೀ ಊರೇ ಇದೆ, ನನಗೆ ಅದರ ಒಂದು ಬೀದಿಯೂ ಗೊತ್ತಿರಲಿಲ್ಲ! ಮಧ್ಯದಲ್ಲಿ ಆಳ, ದಡದಲ್ಲಿ ಕಮ್ಮಿ ಎಂದು ಅಪ್ಪ ಹೇಳುತ್ತಾನಲ್ಲ, ಅವನ ಮೋಟಾರು ದೋಣಿ ಒಂದೂವರೆ ಅಡಿ ನೀರಲ್ಲಿ ತೇಲುತ್ತದೆ, ಅವನಿಗೇನು ಗೊತ್ತು? ತಿರುವಿನಲ್ಲಿ ಮಳೆನೀರಿನ ಕೊಳವೆ ಬಂದು ಬೀಳುವಲ್ಲಿ ಮರಳು ಬೀಸಣಿಗೆಯ ಹಾಗೆ ಹರಡಿ ಮಧ್ಯವನ್ನೇ ನುಂಗಿದೆ. ಅಲ್ಲಿ ಸಮುದ್ರ ಉಬ್ಬುವ ಭರತದಲ್ಲೂ ಮೂರೂವರೆ ಅಡಿ. ನೀರೊಳಗೆ ಇಳಿದಿರುವ ಪೆಟೂನಿಯಾಳ ತಳದ ರೆಕ್ಕೆಗೆ ಬೇಕಾದ್ದು ನಾಲ್ಕೂವರೆ. ಆದರೆ ಎದುರು ದಡದಲ್ಲಿ, ಮಿಸೆಸ್ ಪೆಟಿಗ್ರೂ ಅವರ ದೋಣಿ ಕಟ್ಟುವ ಮರದ ಕಟ್ಟೆಗೆ ಕೈ ತಾಗುವಷ್ಟು ಹತ್ತಿರದಲ್ಲಿ, ನಾಲ್ಕೂಕಾಲು ಅಡಿಯ ಒಂದು ಓಣಿ ಸಿಕ್ಕಿತು. ಆ ಓಣಿ ಹೊಸದಲ್ಲ ಅಜ್ಜಾ. ಕಟ್ಟೆಯ ಕಂಬದ ಮೇಲೆ ಪೆಟೂನಿಯಾಳ ಹಸಿರು ಬಣ್ಣ ಎಷ್ಟೋ ವರ್ಷಗಳಿಂದ ಗೀಚಿಕೊಂಡಿದೆ.

ಆಯೋಗವು ತಕ್ಷಣ ಮುಖ್ಯ ಸಾಕ್ಷಿಯನ್ನು ಭೇಟಿಯಾಯಿತು. ಮಿಸೆಸ್ ಪೆಟಿಗ್ರೂ ನನಗೆ ನಿಂಬೆ ಪೈ ಕೊಟ್ಟು, ತಾವೂ ಎರಡು ತುಂಡು ತಿಂದು, ಎಲ್ಲ ಹೇಳಿದರು. ನಿನ್ನ ಹಾಯಿಗಂಬದ ತಂತಿ ಅವರ ಹಕ್ಕಿಕಾಳಿನ ಬುಟ್ಟಿಯನ್ನು ಸಿಕ್ಕಿಸಿಕೊಂಡು ಕೊಲ್ಲಿಯವರೆಗೆ ಮೆರವಣಿಗೆ ಹೋಗಿದ್ದು, ಅವರು ಬೈದಿದ್ದು, ನೀನು "ಇನ್ನು ನಿನ್ನ ಕಟ್ಟೆ ನೆರಳೂ ತುಳಿಯಲ್ಲ" ಎಂದು ಘೋಷಿಸಿದ್ದು. ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ನಿನ್ನದು ಒಂದೇ ಮಾತು, ಕಾಲುವೆ ತುಂಬ ಹೂಳು! "ನಿಮ್ಮಜ್ಜ ದಾರಿ ಕೇಳ್ಲೇ ಇಲ್ಲ ಕಣೇ ಮಾರಿಟ್," ಅಂದರು. "ಕೇಳಿದ್ರೆ ನಾನು ಬೇಡ ಅಂತಿದ್ನಾ? ಬೈದಿದ್ದು ಒಂದು ದಿನ, ಕಾದಿದ್ದು ಎರಡು ವರ್ಷ." ನಾನು ದಾರಿ ಕೇಳಿದೆ. "ಹೋಗಿ. ನಾನು ನೀರಿನ ಪೈಪು ಹಿಡ್ಕೊಂಡು ನಿಂತಿರ್ತೀನಿ. ಕಟ್ಟೆಗೆ ತಾಗ್ಲಿ, ನಿಮ್ಮಪ್ಪನಿಗೆ ಸ್ನಾನ."

ನಿನ್ನೆ ಮಧ್ಯಾಹ್ನ ಈ ಹದಿನೈದು ದಿನಗಳಲ್ಲೇ ದೊಡ್ಡ ಭರತ. ನೈಋತ್ಯದ ಗಾಳಿಯೂ ಬೀಸಿ ಕೊಲ್ಲಿಯ ನೀರನ್ನು ಕಾಲುವೆಗೆ ತಳ್ಳಿತ್ತು. ಓಣಿಯ ಉದ್ದಕ್ಕೂ ಗುರುತಿಗೆಂದು ಖಾಲಿ ಹಾಲಿನ ಕ್ಯಾನುಗಳನ್ನು ಇಟ್ಟಿಗೆಗೆ ಕಟ್ಟಿ ತೇಲಿಬಿಟ್ಟಿದ್ದೆ. ಚುಕ್ಕಾಣಿ ಅಪ್ಪನ ಕೈಲಿ, ಎಂಜಿನ್ನು ಆಮೆಯ ನಡಿಗೆಯಲ್ಲಿ. ಇನ್ನೂ ಸಾಲದ ಕಾಲಡಿಗೆ ನೀನು ಕಲಿಸಿದ್ದೇ ಉಪಾಯ: ಹಾಯಿಯ ಅಡ್ಡಗೋಲನ್ನು ಎಡಕ್ಕೆ ನೀರಿನ ಮೇಲೆ ಚಾಚಿ, ಅದರ ಮೇಲೆ ನಾನೂ ಅಮ್ಮನೂ ಕೋಳಿಗಳ ಹಾಗೆ ಸಾಲಾಗಿ ಕೂತೆವು. ನಮ್ಮ ತೂಕಕ್ಕೆ ದೋಣಿ ವಾಲಿತು, ರೆಕ್ಕೆ ಮೇಲೆದ್ದಿತು, ಹೊರಟೆವು. ಸರಿಯಾಗಿ ಆ ಕಟ್ಟೆಯ ಪಕ್ಕ ಬಂದಾಗ ಒಂದು ಮೆತ್ತನೆಯ ಸದ್ದು ಬಂದು, ಪೆಟೂನಿಯಾ ನಿಂತಳು.

ಅಪ್ಪ ಎಂಜಿನ್ನು ಜೋರು ಮಾಡಿದ, ಬರೀ ಕೆಸರು ಕದಡಿತು. "ಮುಂದೆ ಸರಿಯೇ ಮಾರಿಟ್! ಕೊನೆಗೆ ಸರಿ!" "ಇನ್ನು ಸರಿದ್ರೆ ನೀರಲ್ಲೇ, ಅಪ್ಪಾ!" "ರೀ, ನೀರು ಇಳೀತಿದೆ ರೀ," ಎಂದು ಅಮ್ಮ ಕಂಬದ ತೇವದ ಗೆರೆ ತೋರಿಸಿದಳು. ನಿಜವಾಗಿಯೂ ಎರಡು ಬೆರಳು ಇಳಿದಿತ್ತು. ಇನ್ನು ಹತ್ತು ನಿಮಿಷ ಕಳೆದರೆ ಅವಳು ಅಲ್ಲೇ ಕೂರುತ್ತಿದ್ದಳು, ಸೋಮವಾರ ಕ್ರೇನು ಅಲ್ಲಿಗೇ ಬರುತ್ತಿತ್ತು. ನನಗೆ ಒಂದೂ ತಮಾಷೆ ಹೊಳೆಯಲಿಲ್ಲ ಅಜ್ಜಾ, ಬರೆದಿಟ್ಟುಕೋ. ಆಗ ಕಟ್ಟೆಯ ಮೇಲೆ ಪೈಪು ಕೆಳಗೆ ಬಿದ್ದ ಶಬ್ದ. "ಆ ಕೋಲು ಈ ಕಡೆ ಎಳ್ಕೊಳ್ರೋ!" ಮಿಸೆಸ್ ಪೆಟಿಗ್ರೂ ಚಪ್ಪಲಿ ಕಳಚಿ, ಒಂದೇ ಹೆಜ್ಜೆಗೆ ದೋಣಿಯೊಳಗೆ. "ಅರವತ್ತೆಂಟು ವರ್ಷದಲ್ಲಿ ನನ್ನ ತೂಕ ಕಮ್ಮಿ ಆಯ್ತು ಅಂತ ಒದ್ದಾಡ್ತಿರೋರು ನೀವೇ ಮೊದಲು" ಎನ್ನುತ್ತಾ ಅಡ್ಡಗೋಲಿನ ಮೇಲೆ ಕೂತರು. ಕೋಲನ್ನು ಮತ್ತೆ ಹೊರಗೆ ಚಾಚಿದೆವು. ಪೆಟೂನಿಯಾ ನಿಟ್ಟುಸಿರು ಬಿಟ್ಟವಳಂತೆ ವಾಲಿದಳು, ನನ್ನ ಪಾದ ನೀರಿಗೆ ತಾಗಿತು, ಕಟ್ಟೆ ಮೆಲ್ಲಗೆ ಹಿಂದೆ ಸರಿಯತೊಡಗಿತು. ಅಮ್ಮ ಅತ್ತಳು. ಮಿಸೆಸ್ ಪೆಟಿಗ್ರೂ ಕೊಲ್ಲಿಯವರೆಗೂ ಇಳಿಯಲೇ ಇಲ್ಲ, ಆಳ ಬಂದರೂ. ಅಲ್ಲಿ ಲಂಗರು ಹಾಕಿದ ಕೂಡಲೇ ಅಪ್ಪ ಟಾಂಪಾದವನಿಗೆ ಫೋನು ಮಾಡಿ, ಬರಬೇಡಿ ಎಂದ.

ಆಯೋಗದ ವರದಿ ಇಲ್ಲಿಗೆ ಮುಗಿಯಿತು. ಅಮ್ಮ ನಿನಗೊಂದು ಮುತ್ತು ಕಳಿಸಿದ್ದಾಳೆ, ಅಪ್ಪ ಗಂಟಲು ಸರಿಮಾಡಿಕೊಂಡ, ಅದನ್ನೂ ಪ್ರೀತಿ ಎಂದೇ ಜಮಾ ಮಾಡಿಕೋ. ನರ್ಸಮ್ಮನಿಗೆ ನನ್ನ ನಮಸ್ಕಾರ ಮತ್ತು ಸಂತಾಪ.

ನಿನ್ನ ವಿಧೇಯ (ಆಗಾಗ) ಮೊಮ್ಮಗಳು,
ಮಾರಿಟ್

ತಾ.ಕ.: ಅಮ್ಮ ಅಂಚೆಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ಪೆಟೂನಿಯಾ ಹೊರಗೇನೋ ಹೋದಳು, ಒಳಗೆ ತರುವುದು ಇಲ್ಲಿ ಯಾರಿಗೂ ಬರುವುದಿಲ್ಲ. ಬರುವಾಗ ಗಾಳಿ ಬೆನ್ನಿಗೆ, ತಿರುವಿನಲ್ಲಿ ಕಟ್ಟೆ ಮುರಿಯುತ್ತೇನೆ ಎಂದು ಅಪ್ಪನೇ ಒಪ್ಪಿಕೊಂಡಿದ್ದಾನೆ. ಬಿರುಗಾಳಿಯ ಕಾಲ ಬಂತು, ಕೊಲ್ಲಿಯಲ್ಲಿ ಅವಳನ್ನು ಬಹಳ ದಿನ ಬಿಡುವಂತಿಲ್ಲ. ಇಷ್ಟು ನೀರು ಮತ್ತೆ ಬರುವುದು ಇದೇ ತಿಂಗಳ ಇಪ್ಪತ್ತೆರಡರ ಮಧ್ಯಾಹ್ನ. ಕಾಲುವೆಯ ಬಾಯಿಂದ ಮನೆಗೆ ಇಪ್ಪತ್ತೈದು ನಿಮಿಷ, ಅಷ್ಟೂ ಹೊತ್ತು ಚುಕ್ಕಾಣಿಯಲ್ಲಿ ನಿಂತೇ ಇರಬೇಕು. ಕೂತರೆ ಮುಂದಿನದು ಕಾಣುವುದಿಲ್ಲ. ಇವತ್ತು ಎಷ್ಟು ನಿಲ್ಲುತ್ತೀಯೋ ನಾಳೆ ಅದಕ್ಕಿಂತ ಎರಡು ನಿಮಿಷ ಹೆಚ್ಚು ನಿಲ್ಲು. ನೀನು ಬರದಿದ್ದರೆ ಚುಕ್ಕಾಣಿ ನಾನು ಹಿಡಿಯುತ್ತೇನೆ.