ಕೂಡೂಟದ ಮನೆಯ ನೆಗಡಿ

ವಿಜಯಪುರ, ಬನದ ಹುಣ್ಣಿಮೆಯ ಮರುದಿನ, ಇಸವಿ ೨೧೮೮

ಒಂದೂವರೆ ಶತಮಾನದ ಹಿಂದಿನ ಹಿರಿಯರಿಗೆ, ಅಡುಗೆಯ ಗೊಲ್ಲಾಳಪ್ಪನ ಶರಣು.

ಈ ತಾರೀಖು ನಿಮಗೆ ತಮಾಷೆಯಂತೆ ಕಾಣಬಹುದು. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ಹೊಸವು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬರೆಯುವವನಲ್ಲ, ರೊಟ್ಟಿ ಬಡಿಯುವವನು. ಆದರೆ ಹದಿನೈದು ದಿನಗಳ ಮೇಲೆ ನಿನ್ನೆ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅದರಲ್ಲಿ ನಿಮ್ಮ ಪಾಲೂ ಇದೆ ಎಂದು ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಮನೆಮನೆಗೆ ಒಲೆಯಿಲ್ಲ. ಒಂದು ಓಣಿಯವರೆಲ್ಲ ಒಂದೇ ಕಡೆ ಉಣ್ಣುತ್ತೇವೆ. ಅದನ್ನು ಕೂಡೂಟದ ಮನೆ ಎನ್ನುತ್ತೇವೆ. ನಮ್ಮದರಲ್ಲಿ ನೂರಾ ಅರವತ್ತಮೂರು ಜನ. ಮಾಳಿಗೆಯ ಮೇಲೆ ಗಾಳಿಜರಡಿ ಇದೆ. ಹಿಟ್ಟು ಸೋಸಿದಂತೆ ಅದು ಗಾಳಿಯಲ್ಲಿನ ಧೂಳು, ರೋಗಾಣುಗಳನ್ನು ಸೋಸುತ್ತದೆ. ನನ್ನ ಅಜ್ಜನ ಕಾಲಕ್ಕೆ ಅದು ಬಂದ ಮೇಲೆ ಚಳಿಗಾಲದ ಕೆಮ್ಮು ನೆಗಡಿ ಅಪರೂಪವಾದವು. ಅವುಗಳ ಜೊತೆಗೆ, ಅವುಗಳನ್ನು ತಡೆಯುತ್ತಿದ್ದ ರೂಢಿಗಳೂ ಒಂದೊಂದಾಗಿ ಹೋದವು. ಸೋಪು ಸ್ನಾನಕ್ಕಷ್ಟೇ ಉಳಿಯಿತು. ಊಟದ ಮನೆಯ ಕೈತೊಳೆಯುವ ಕಟ್ಟೆಯ ಮೇಲೆ ನಾವು ಮೆಣಸಿನಕಾಯಿ ಒಣಗಿಸುತ್ತಿದ್ದೆವು.

ಎಳ್ಳಮಾವಾಸ್ಯೆಯ ಬೆಳಿಗ್ಗೆ ನನ್ನ ಮೂಗು ಸೋರತೊಡಗಿತು. ಒಗ್ಗರಣೆಯ ಘಾಟು ಎಂದುಕೊಂಡೆ. ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತಲೇ ಸಜ್ಜೆ ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯದ ಉಪ್ಪು ನೋಡಿ, ನೆಕ್ಕಿದ ಸೌಟನ್ನು ಹಾಗೆಯೇ ಪಾತ್ರೆಗೆ ಇಳಿಸಿದೆ. ಎಲ್ಲರಿಗೂ ನಾನೇ ಬಡಿಸಿದೆ.

ನಾಲ್ಕು ದಿನಗಳಲ್ಲಿ ಮೂವತ್ತೆಂಟು ಜನ ಹಾಸಿಗೆ ಹಿಡಿದರು. ಅವರಲ್ಲಿ ಶಿವಗಂಗವ್ವ ಆಯಿಯೂ ಒಬ್ಬಳು. ತೊಂಬತ್ತೊಂದು ವರ್ಷದ ಆಕೆ ತಾಯಿಯಿಲ್ಲದ ನನ್ನನ್ನು ಸಾಕಿ, ರೊಟ್ಟಿ ಬಡಿಯಲು ಕಲಿಸಿದವಳು. ಉಸಿರು ಎಳೆದಾಗಲೆಲ್ಲ ಆಕೆಯ ಎದೆ ಸಿಳ್ಳೆ ಹಾಕುತ್ತಿತ್ತು.

ಓಣಿಯ ದಾದಿ ದಿಲ್‌ಶಾದ್ ಮನೆಮನೆಗೆ ಹೋಗಿ ವಿಚಾರಿಸಿ, ಕೊನೆಗೆ ನನ್ನೆದುರು ಬಂದು ನಿಂತಳು.

"ಕಾಕಾ, ಎಳ್ಳಮಾಸಿ ದಿನ ನಿಮಗ ನೆಗಡಿ ಇತ್ತೇನ್ರಿ?"

"ಒಂದೀಟ ಮೂಗ ಸೋರತಿತ್ತು, ತಂಗಿ. ಅಷ್ಟಕ್ಕ ಏನಾಗತೈತಿ? ಮ್ಯಾಲ ಗಾಳಿಜರಡಿ ಐತಲ್ಲ!"

"ಅದು ಗಾಳಿ ಸೋಸತೈತ್ರಿ, ಕಾಕಾ. ನಿಮ್ಮ ಕೈ, ನಿಮ್ಮ ಸೌಟು ಸೋಸಂಗಿಲ್ಲ."

ನಾನು ಅಲ್ಲೇ ಕುಳಿತುಬಿಟ್ಟೆ. "ಹಂಗಾರ ಆಯಿಗೆ ನನ್ನಿಂದನ..." ಎನ್ನುತ್ತ ಅಳತೊಡಗಿದೆ.

"ಅಳಕೋತ ಕುಂತರ ಉಳದವರಿಗೂ ಹತ್ತತೈತಿ. ಏಳ್ರಿ ಮೊದಲ," ಎಂದಳು.

ಸಂಜೆ ಆಕೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಟೈಲ್ಸ್ ತಂದಳು. ಎಂದೋ ಕೆಡವಿದ ಶಾಲೆಯೊಂದರ ನಲ್ಲಿಯ ಪಕ್ಕದಲ್ಲಿತ್ತಂತೆ. ಅವರ ಮನೆಯಲ್ಲಿ ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದರು. ಅದರ ಮೇಲೆ ಆರು ಚಿತ್ರಗಳು: ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರು, ಮಣಿಕಟ್ಟು. ಕೆಳಗೆ, 'ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ.' ಹಿರಿಯರೇ, ಅದು ನಿಮ್ಮ ಕಾಲದ್ದು.

ಮೆಣಸಿನಕಾಯಿ ತೆಗೆದು ಕಟ್ಟೆ ತಿಕ್ಕಿದೆವು. ನನ್ನ ನೆಗಡಿ ಕೆಮ್ಮು ಪೂರ್ತಿ ನಿಲ್ಲುವ ತನಕ ದಿಲ್‌ಶಾದ್ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾನು ಅಂಗಳದ ಮೂಲೆಯಲ್ಲಿ ದೂರ ಕುಳಿತೆ. ಪ್ರತಿಯೊಬ್ಬರೂ ಇಪ್ಪತ್ತು ಎಣಿಸುವವರೆಗೆ ಕೈ ಉಜ್ಜುತ್ತಾರೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಚಳಿ ಕೊರೆಯುತ್ತಿದ್ದರೂ ಕಿಟಕಿ ತೆರೆದಿಟ್ಟೆವು. ಕಾಯಿಲೆಯವರ ಊಟ ಅವರ ಬಾಗಿಲಿಗೇ ಹೋಯಿತು. ಕೆಮ್ಮು ಬಂದರೆ ಮೊಣಕೈ ಮಡಚಿ ಅದರೊಳಗೆ ಕೆಮ್ಮುವುದನ್ನು ಮಕ್ಕಳು ಬೇಗ ಕಲಿತರು. ನನ್ನ ವಯಸ್ಸಿನವರಿಗೆ ನಾಲ್ಕು ದಿನ ಹಿಡಿಯಿತು. ದಿನಕ್ಕೆ ಹತ್ತು ಜನ ಮಲಗುತ್ತಿದ್ದಲ್ಲಿ ಇಬ್ಬರಾದರು, ಆಮೇಲೆ ಯಾರೂ ಇಲ್ಲ.

ಆಯಿಯ ಜ್ವರ ಮಾತ್ರ ಇಳಿಯಲಿಲ್ಲ. ಡಾಕ್ಟರು ಆಕೆಗೆ ಆಮ್ಲಜನಕ ಹಚ್ಚಿದರು. ನಾನು ದಿನಾ ಆಕೆಯ ಕೋಣೆಯ ಕಿಟಕಿಯ ಹೊರಗೆ ನಿಂತು, ಹೊದಿಕೆ ಮೇಲೆ ಕೆಳಗೆ ಆಡುತ್ತಿದೆಯೇ ಎಂದಷ್ಟೇ ನೋಡಿ ಬರುತ್ತಿದ್ದೆ.

ನಿನ್ನೆ ಮಧ್ಯಾಹ್ನ ಹೋದಾಗ ಆಕೆ ದಿಂಬಿಗೆ ಒರಗಿ ಕುಳಿತಿದ್ದಳು. ಮೂಗಿನ ನಳಿಕೆ ತೆಗೆದಿದ್ದರು.

"ಯಾಕೋ ಗೊಲ್ಲಾಳ, ಹೊರಗ ನಿಂತಿ? ನಾ ಇನ್ನೂ ಸತ್ತಿಲ್ಲ."

ತಡೆಯಲಾಗಲಿಲ್ಲ. "ಆಯಿ, ಈ ಜಡ್ಡ ನಿನಗ ನಾನ ಹಚ್ಚೀನಿ," ಎಂದೆ.

ಆಕೆ ಹೊದಿಕೆ ಪಕ್ಕಕ್ಕೆ ಸರಿಸಿದಳು.

"ಬೇಕಂತ ಹಚ್ಚೀಯೇನು? ಹೋಗು, ಕೈ ತೊಳಕೊಂಡ ಒಂದೀಟ ಜ್ವಾಳದ ನುಚ್ಚ ಮಾಡಿ ತಾ. ನೀ ಇಲ್ಲದಾಗ ಅವರು ಮಾಡಿದ್ದು ಬಾಯಿಗೆ ಹತ್ತವಲ್ತು."

ಕಟ್ಟೆಯ ಬಳಿ ನಿಂತು ಕೈ ತೊಳೆದೆ. ಲೆಕ್ಕ ಇಪ್ಪತ್ತು ದಾಟಿ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ, ಕಣ್ಣು ತುಂಬಿ ಬಂದಿತ್ತು. ನನ್ನ ಕೆಮ್ಮು ನಿಂತಿದ್ದರಿಂದ ದಿಲ್‌ಶಾದ್ ಅಷ್ಟಕ್ಕೆ ಒಪ್ಪಿದಳು. ನಾನು ಮಾಡಿದ ನುಚ್ಚನ್ನು ಆಯಿ ಅರ್ಧ ಬಟ್ಟಲು ಉಂಡಳು.

ನಿಮ್ಮಲ್ಲಿ ಒಂದೇ ಬೇಡಿಕೆ. ಆ ಟೈಲ್ಸ್ ಹಚ್ಚಿದವರು ನಿಮ್ಮ ನಡುವೆ ಇದ್ದರೆ, ಅವರ ಕೆಲಸ ಸಣ್ಣದಲ್ಲವೆಂದು ಹೇಳಿ. ಮಕ್ಕಳಿಗೆ ಕೈ ತೊಳೆಯಲು ಹೇಳಿ ಹೇಳಿ ಬೇಸತ್ತವರಿದ್ದರೆ, ಇನ್ನೊಮ್ಮೆ ಹೇಳಲಿ. ಅದು ನಮ್ಮ ತನಕ ಬಂದು ಮುಟ್ಟಿದೆ.

ಹೊತ್ತಾಯಿತು. ಇವತ್ತಿನಿಂದ ಮತ್ತೆ ಎಲ್ಲರಿಗೂ ಅಡುಗೆ ಮಾಡಿ ಬಡಿಸಲು ನನಗೆ ಅಪ್ಪಣೆ ಸಿಕ್ಕಿದೆ. ಓಣಿಯವರೆಲ್ಲ ಹಸಿ ಕೈಗಳನ್ನು ಒದರುತ್ತ ಪಂಕ್ತಿಯಲ್ಲಿ ಕೂರುತ್ತಿದ್ದಾರೆ. ಹೋಗಿ ಬಡಿಸಬೇಕು.