ತಗಡಿನ ಪೆಟ್ಟಿಗೆಯೊಳಗಿನ ಸಿಗ್ನಲ್

ಸೂರ್ಯಕಾಂತಿ ಹೊಲದಂಚಿನ ಟೆಂಟು,
ಸೋಮವಾರ, ಹನ್ನೊಂದನೇ ತಾರೀಖು

ಪ್ರೀತಿಯ ಪುಟ್ಟು,

ಹೇಗಿದ್ದೀಯಪ್ಪ? ಸೊಸೆಯ ಬೆನ್ನುನೋವು ಹೇಗಿದೆ? ಮೊಮ್ಮಗಳ ಮುಂದಿನ ಹಲ್ಲು ಬಿತ್ತೋ, ಇನ್ನೂ ನಾಲಿಗೆಯಲ್ಲಿ ಅಲ್ಲಾಡಿಸುತ್ತಲೇ ಇದ್ದಾಳೋ? ಇಲ್ಲಿ ನಾನು, ನಿನ್ನ ಸೋದರತ್ತೆ, ನಮ್ಮ ನಲವತ್ತು ಜೇನುಪೆಟ್ಟಿಗೆ, ಎಲ್ಲರೂ ಚೆನ್ನಾಗಿದ್ದೇವೆ. ಇಂಟರ್‌ನೆಟ್ ಇಟ್ಟುಕೊಂಡು ಅಮ್ಮ ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀನು ನಾಲ್ಕು ಸಲ ಬಾಯಿ ಹಾಕುತ್ತೀಯ. ಕಾಗದಕ್ಕೆ ಬಾಯಿ ಹಾಕು ನೋಡೋಣ.

ಹೂವಿನ ಹಂಗಾಮಿಗೆ ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ನೀನು ಹಾಕಿದ ಷರತ್ತನ್ನು ನಾನು ಮರೆತಿಲ್ಲ. ಹೋದ ವರ್ಷ ಹೃದಯದ ಆಪರೇಷನ್ ಆದವಳು, ಪ್ರತಿ ಭಾನುವಾರ ಹತ್ತು ಗಂಟೆಗೆ ಡಾಕ್ಟರಮ್ಮನಿಗೆ ವಿಡಿಯೋದಲ್ಲಿ ಮುಖ ತೋರಿಸಬೇಕು. ಎರಡು ಭಾನುವಾರ ತಪ್ಪಿತೋ, ಲಾರಿ ಬರುತ್ತದೆ, ನಾನು ಮನೆಗೆ, ಪೆಟ್ಟಿಗೆಗಳು ಕೊಂಡವರ ಪಾಲಿಗೆ. “ಹೇಳಿದೀನಿ ಅಂದ್ರೆ ಮಾಡೇ ಮಾಡ್ತೀನಿ ಅಮ್ಮಾ” ಅಂದಿದ್ದೆ. ಮಾಡುತ್ತೀಯ, ನನಗೆ ಗೊತ್ತು, ಹಟದಲ್ಲಿ ನನ್ನ ಮಗನೇ ನೀನು. ಅದಕ್ಕೇ ಫೋನಿಗೆ ಇಂಟರ್‌ನೆಟ್ ಬರಲೆಂದು ನೀನು ಕೊಟ್ಟ ಹಾಟ್‌ಸ್ಪಾಟ್ ಡಬ್ಬಿಯನ್ನು ಕೂಸಿನ ಹಾಗೆ ಜೋಪಾನ ಮಾಡಿದೆ. ಆ ಜೋಪಾನವೇ ನನಗೆ ಮುಳುವಾಯಿತು ಕಣೋ!

ಮೊದಲನೇ ಭಾನುವಾರ ಕರೆ ಬಂತು, ಡಾಕ್ಟರಮ್ಮನ ಅರ್ಧ ಹಣೆ ಕಾಣಿಸಿತು, ಅಷ್ಟೇ, ಕಟ್. ಹತ್ತು ಸಲ ಪ್ರಯತ್ನಿಸಿದೆವು. ಇಡೀ ವಾರ ನಾನು ಕಂಪನಿಯವರನ್ನು ಬೈದೆ, ಎದುರಿನ ಗುಡ್ಡವನ್ನು ಬೈದೆ, ಡಬ್ಬಿ ತಂದ ನಿನ್ನನ್ನೂ ಬಿಡಲಿಲ್ಲ. ಫೋನು ಹಿಡಿದುಕೊಂಡು ಹೊಲದ ಬದುವಿನ ಮೇಲೆಲ್ಲ ಓಡಾಡಿದೆ. ನಿನ್ನ ಅತ್ತೆಯಂತೂ ಧಾರಾವಾಹಿ ಇಲ್ಲದೆ ಮುಖ ಗಂಟು ಹಾಕಿಕೊಂಡು ಕೂತಳು. ಲಾರಿ ಬಂದು ನಿಂತ ಹಾಗೆ ನನಗೆ ಹಗಲಲ್ಲೇ ಕನಸು ಬೀಳತೊಡಗಿತು.

ಶನಿವಾರ ಮಧ್ಯಾಹ್ನ ಚಹಾಕ್ಕೆ ನೀರಿಟ್ಟು ನಿನ್ನ ಅತ್ತೆ ಸಕ್ಕರೆ ತರಲು ಹೋದಳು. ನಮ್ಮ ಸಾಮಾನೆಲ್ಲ ಇರುವುದು ಟೆಂಟಿನ ಹಿಂದಿನ ಖಾಲಿ ಜೇನುಪೆಟ್ಟಿಗೆಯಲ್ಲಿ. ಅದರ ಕಾಲುಗಳು ನೀರಿನ ಬಟ್ಟಲಲ್ಲಿವೆ, ಇರುವೆ ಹತ್ತುವುದಿಲ್ಲ. ಇಲಿ ಕೊರೆಯಬಾರದೆಂದು ಒಳಗೆ ಸುತ್ತಲೂ ತಗಡು ಹೊಡೆಸಿದ್ದೇನೆ, ಮುಚ್ಚಳವೂ ತಗಡೇ. ಜೇನುಪೆಟ್ಟಿಗೆ ಎಂದ ಮೇಲೆ ಕಳ್ಳನೂ ಕೈ ಹಾಕುವುದಿಲ್ಲ. ಅವಳು ಮುಚ್ಚಳ ಎತ್ತಿದಳೋ ಇಲ್ಲವೋ, ನನ್ನ ಫೋನು ಟಣ್ ಟಣ್ ಎಂದು ಹೊಡೆದುಕೊಳ್ಳತೊಡಗಿತು. ವಾರದ ಮೆಸೇಜೆಲ್ಲ ಒಟ್ಟಿಗೆ! ಮುಚ್ಚಿದಳು, ಎಲ್ಲ ಸ್ತಬ್ಧ. ಇನ್ನೊಮ್ಮೆ ಎತ್ತು ಎಂದೆ, ಮತ್ತೆ ಟಣ್. ಚಾರ್ಜಿನ ಬ್ಯಾಟರಿಗೆ ಸಿಕ್ಕಿಸಿದ ಹಾಟ್‌ಸ್ಪಾಟ್ ಡಬ್ಬಿಯನ್ನು ನಾನು ಇಟ್ಟಿದ್ದೂ ಅದರೊಳಗೇ, ಸಕ್ಕರೆ ಡಬ್ಬದ ಪಕ್ಕದಲ್ಲಿ! ತಗಡಿನೊಳಗೆ ಉಸಿರು ಕಟ್ಟಿಸಿ, ಮಾತಾಡು ಮಾತಾಡು ಎಂದು ವಾರವಿಡೀ ಅದರ ಜೀವ ತಿಂದಿದ್ದೆ. “ಅತ್ತಿಗೆ, ಜೇನು ಸಾಕಿ ಸಾಕಿ ನಿಮಗೆ ಎಲ್ಲಾನೂ ಪೆಟ್ಟಿಗೇಲೇ ಇಡಬೇಕು ಅನ್ಸುತ್ತೆ” ಎಂದು ನಿನ್ನ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ ಬಿಡು. ನಾನೂ ನಕ್ಕೆ.

ಈಗ ಡಬ್ಬಿ ಬಟ್ಟೆಚೀಲದಲ್ಲಿ, ಉದ್ದನೆಯ ಬಿದಿರಿನ ಗಳುವಿನ ತುದಿಯಲ್ಲಿ, ಟವರಿನ ದಿಕ್ಕಿಗೆ ತೂಗುತ್ತಿದೆ. ಮಧ್ಯಾಹ್ನದ ಬಿಸಿಲಿಗೆ ಮುಂಚೆ ಇಳಿಸಿ ನೆರಳಲ್ಲಿ ಚಾರ್ಜಿಗೆ ಹಾಕುತ್ತೇವೆ. ಡಾಕ್ಟರಮ್ಮನ ಕರೆ ಮುಗಿಯುವ ತನಕ ಧಾರಾವಾಹಿ ಬಂದ್, ಅದು ನನ್ನ ಕಾನೂನು. ನಿನ್ನೆ ಹತ್ತಕ್ಕೆ ಸರಿಯಾಗಿ ಕರೆ ಬಂತು. ಹನ್ನೆರಡು ನಿಮಿಷ ಒಂದು ಸಲವೂ ತಡವರಿಸಲಿಲ್ಲ. ಡಾಕ್ಟರಮ್ಮನ ಕನ್ನಡಕದ ಮೇಲಿನ ಬೆರಳಚ್ಚು ಕೂಡ ಕಾಣಿಸಿತು ಅಂದರೆ ಲೆಕ್ಕ ಹಾಕು. ಹಾಗಾಗಿ ನಿನ್ನ ಲಾರಿಯವನಿಗೆ ಬೇರೆ ಬಾಡಿಗೆ ಹುಡುಕಿಕೊಳ್ಳಲು ಹೇಳು.

ಸೊಸೆಗೆ ಭಾರ ಎತ್ತಬೇಡ ಎಂದು ಹೇಳು. ಮೊಮ್ಮಗಳಿಗೆ ಎರಡೂ ಕೆನ್ನೆಗೆ ಮುತ್ತು. ನೀವು ಮೂವರೂ ನೂರು ಕಾಲ ಸುಖವಾಗಿರಿ.

ನಿನ್ನ
ಅಮ್ಮ

ತಾ.ಕ.: ತರಕಾರಿ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಬರುತ್ತದೆ. ಒಂದು ಮಾತು ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಡಾಕ್ಟರಮ್ಮ ಫೋನನ್ನು ನನ್ನ ಪಾದಗಳ ಕಡೆ ತಿರುಗಿಸಲು ಹೇಳಿದರು. ಹತ್ತು ದಿನದಿಂದ ಊದಿಕೊಂಡಿವೆ, ಸೀರೆಯಲ್ಲಿ ಮುಚ್ಚಿಕೊಂಡಿದ್ದೆ. ಸಿಗ್ನಲ್ ಹೋಯಿತು ಎಂದು ಕಟ್ ಮಾಡಿಬಿಡಬಹುದಿತ್ತು, ಬೆರಳು ಕೆಂಪು ಗುಂಡಿಯವರೆಗೂ ಹೋಗಿತ್ತು. ಆದರೆ ತೋರಿಸಿದೆ. ಈ ವಾರವೇ ಬಂದು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ ಎಂದಿದ್ದಾರೆ. ಬುಧವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಪೆಟ್ಟಿಗೆಗಳು ಇಲ್ಲೇ ಇರುತ್ತವೆ, ನಿನ್ನ ಅತ್ತೆ ನೋಡಿಕೊಳ್ಳುತ್ತಾಳೆ, ಮಾರುವ ಮಾತು ಎತ್ತಿದರೆ ಜಗಳವೇ. ಬಸ್ ಸ್ಟ್ಯಾಂಡಿಗೆ ಯಾರನ್ನೂ ಕಳಿಸಬೇಡ, ನೀನೇ ಬಾ. ಸ್ವಲ್ಪ ಹೆದರಿಕೆಯಾಗಿದೆ ಕಣೋ.